ಅಪ್ಪ ಬರೆದ ಮಗಳು: ಲಿಲಿ ಯೇಟ್ಸ್ ಭಾವಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಬ್ಲಿನ್ ಊರಿನ ನ್ಯಾಷನಲ್ ಗ್ಯಾಲರಿ ಆಫ್ ಐರ್ಲೆಂಡ್‌ನಲ್ಲಿ ಒಂದು ಎಣ್ಣೆಬಣ್ಣದ ಚಿತ್ರ ಇದೆ. ಬರೆದವನು ಅಪ್ಪ, ಎದುರು ಕೂತವಳು ಮಗಳು, ವರ್ಷ 1901. ಅಪ್ಪನ ಹೆಸರು ಜಾನ್ ಬಟ್ಲರ್ ಯೇಟ್ಸ್, ಮಗಳು ಲಿಲಿ. ಅವಳು ಸೂಜಿ ದಾರದ ಕೆಲಸ ಕಲಿತು ಅದರಿಂದಲೇ ಬದುಕಿದವಳು. ಈ ಚಿತ್ರದ ಮಾತು ತೆಗೆದಾಗಲೆಲ್ಲ ಗೆಳೆಯರು ಅವೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಯೇಟ್ಸ್ ಅಂದರೆ ಕವಿ ಅಲ್ವಾ? ಚಿತ್ರಕಾರ ಎಲ್ಲಿಂದ ಬಂದ?

ಕವಿಯ ಅಪ್ಪ ಈತ. ನಾವು ಓದಿರುವ ವಿಲಿಯಂ ಬಟ್ಲರ್ ಯೇಟ್ಸ್ 1865ರಲ್ಲಿ ಹುಟ್ಟಿದ ಹಿರಿಯ ಮಗ. ಮರುವರ್ಷ ಲಿಲಿ, 1868ರಲ್ಲಿ ಲಾಲಿ, 1871ರಲ್ಲಿ ಜಾಕ್. ಒಟ್ಟು ಆರು ಮಕ್ಕಳು, ಇಬ್ಬರು ಚಿಕ್ಕಂದಿನಲ್ಲೇ ತೀರಿಕೊಂಡರು. ಉಳಿದ ನಾಲ್ವರೂ ಕೈಯಿಂದಲೋ ಮಾತಿನಿಂದಲೋ ಏನಾದರೂ ಹೊಸದನ್ನು ಮಾಡಿದವರೇ. ಒಂದು ಮನೆಯಲ್ಲಿ ಕವಿ, ಕಸೂತಿಗಾರ್ತಿ, ಮುದ್ರಕಿ, ಚಿತ್ರಕಾರ. ಅದರ ಮೇಲೆ ಅಪ್ಪನೂ ಚಿತ್ರಕಾರ.

ಹೆಸರಿನ ಉಚ್ಚಾರ ಯೇಟ್ಸ್, ಯೀಟ್ಸ್ ಅಲ್ಲ. ಕೀಟ್ಸ್ ಜೊತೆ ಪ್ರಾಸ ಹೊಂದಿಸಲು ಹೋಗಿ ಕಾಲೇಜಿನಲ್ಲಿ ನಾವೆಲ್ಲ ಎಡವಿದವರೇ.

ಕೆಲವು ಕಡೆ ಸೂಸನ್ ಮೇರಿ ಅಂತಿದೆ. ಅವಳೂ ಲಿಲಿಯೂ ಒಬ್ಬಳೇನಾ?

ಹೌದು, ಒಬ್ಬಳೇ. ಕಾಗದದಲ್ಲಿ ಸೂಸನ್ ಮೇರಿ, ಮನೆಯಲ್ಲಿ ಲಿಲಿ. ತಾಯಿಯ ಹೆಸರೂ ಸೂಸನ್, ಅದಕ್ಕೇ ಗೊಂದಲ. ತಂಗಿ ಎಲಿಜಬೆತ್ ಕಾರ್ಬೆಟ್ ಮನೆಯಲ್ಲಿ ಲಾಲಿ. ಲಿಲಿ, ಲಾಲಿ ಅಂತ ಬೇಗ ಬೇಗ ಓದಿದರೆ ಯಾರು ಯಾರೆಂದು ತಪ್ಪಿಹೋಗುತ್ತದೆ. ಲಿಲಿಯ ಕೈಯಲ್ಲಿ ಸೂಜಿ, ಲಾಲಿಯ ಕೈಯಲ್ಲಿ ಅಚ್ಚುಯಂತ್ರ. ಹೀಗೆ ನೆನಪಿಟ್ಟುಕೊಳ್ಳಿ, ಸಾಕು.

ಅಪ್ಪ ಮೊದಲು ಲಾಯರ್ ಆಗಿದ್ದನಂತೆ, ನಿಜವಾ?

ನಿಜ. 1839ರಲ್ಲಿ ಉತ್ತರ ಐರ್ಲೆಂಡಿನ ಡೌನ್ ಕೌಂಟಿಯ ಟುಲ್ಲಿಲಿಷ್‌ನಲ್ಲಿ ಹುಟ್ಟಿದ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದ. 1863ರಲ್ಲಿ ಸ್ಲೈಗೋ ಊರಿನ ಸೂಸನ್ ಪೊಲೆಕ್ಸ್‌ಫೆನ್ ಜೊತೆ ಮದುವೆ. ಹುಡುಗಿಯ ಕಡೆಯವರು ಹಡಗು, ಹಿಟ್ಟಿನ ಗಿರಣಿ ಇದ್ದ ವ್ಯಾಪಾರಸ್ಥರು. ಅಳಿಯ ವಕೀಲ, ಜಮೀನಿನ ಗೇಣಿಯೂ ಬರುತ್ತದೆ ಅಂತ ನೆಮ್ಮದಿಯಿಂದ ಹೆಣ್ಣು ಕೊಟ್ಟರು.

1866ರಲ್ಲಿ ವಕೀಲಿಕೆಗೆ ಸೇರಿದ. ಮರುವರ್ಷವೇ ಅದನ್ನು ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಚಿತ್ರ ಕಲಿಯಲು ಲಂಡನ್‌ಗೆ ಹೊರಟ. ಅಲ್ಲಿ ಹೀದರ್ಲಿ ಅನ್ನುವ ಚಿತ್ರಶಾಲೆಗೆ ಸೇರಿದ. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಮಾವನ ಮನೆಯಲ್ಲಿ ಏನು ಮಾತಾಡಿಕೊಂಡಿರಬಹುದು ಅಂತ ಊಹಿಸುವುದು ಕಷ್ಟವಲ್ಲ. ಚಿತ್ರದಿಂದ ಹಣ ಬರಲಿಲ್ಲ. ಕಿಲ್ಡೇರ್ ಕೌಂಟಿಯ ಜಮೀನಿನಿಂದ ಬರುತ್ತಿದ್ದ ಗೇಣಿ ವರ್ಷದಿಂದ ವರ್ಷಕ್ಕೆ ಸೊರಗಿತು. ಕೊನೆಗೆ ಆ ಜಮೀನೂ ಕೈಬಿಟ್ಟಿತು.

ಮತ್ತೆ ಮನೆ ನಡೆದದ್ದು ಹೇಗೆ?

ಬಹುಪಾಲು ಸಾಲ, ಉಳಿದದ್ದು ಮಕ್ಕಳು. 1888ರಿಂದ ಕುಟುಂಬ ಲಂಡನ್ನಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯಲ್ಲಿತ್ತು. ಪಾರ್ಶ್ವವಾಯು ಹೊಡೆದು ತಾಯಿ ಮೂಲೆ ಹಿಡಿದಿದ್ದಳು. ಆ ಡಿಸೆಂಬರ್‌ನಲ್ಲಿ, ಇಪ್ಪತ್ತೆರಡರ ಲಿಲಿ ಕೆಲಸಕ್ಕೆ ಹೋಗಲು ಶುರು ಮಾಡಿದಳು. ಮೊದಲ ಸಂಬಳ ವಾರಕ್ಕೆ 10 ಶಿಲಿಂಗ್, ಅಂದರೆ ಅರ್ಧ ಪೌಂಡು. ದೊಡ್ಡ ಮೊತ್ತವೇನಲ್ಲ. ಆದರೆ ಆ ಮನೆಗೆ ವಾರ ವಾರ ತಪ್ಪದೆ ಬರುವ ಹಣ ಅನ್ನುವುದೇ ಹೊಸ ವಿಷಯ. ಲಾಲಿ ಮಕ್ಕಳಿಗೆ ಕುಂಚದ ಚಿತ್ರ ಕಲಿಸುತ್ತಿದ್ದಳು, ಅದಕ್ಕೆ ಪಠ್ಯಪುಸ್ತಕಗಳನ್ನೂ ಮಾಡಿದಳು.

ಕವಿಯ ಜೀವನಚರಿತ್ರೆಗಳಲ್ಲಿ ಇವರು ಹೆಚ್ಚಾಗಿ ಬಂದು ಹೋಗುವ 'ಸಹೋದರಿಯರು'. ನನಗೆ ಇದು ಸರಿ ಕಾಣುವುದಿಲ್ಲ. ಕವಿಗೆ ಕವಿತೆ ಬರೆಯಲು ಒಂದು ಮೇಜು, ಮೇಜಿರಲು ಒಂದು ಮನೆ ಬೇಕಿತ್ತಲ್ಲ. ಆ ಮನೆ ನಿಂತದ್ದರಲ್ಲಿ ಈ ಇಬ್ಬರ ಪಾಲು ಸಣ್ಣದಲ್ಲ.

ಲಿಲಿ ಕೆಲಸ ಕಲಿತದ್ದು ಎಲ್ಲಿ?

ಅಂದಿನ ಇಂಗ್ಲೆಂಡಿನಲ್ಲಿ ಇದಕ್ಕಿಂತ ಒಳ್ಳೆಯ ಗುರುಕುಲ ಸಿಗುತ್ತಿರಲಿಲ್ಲ. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್‌ನ ಕಂಪನಿಯ ಕಸೂತಿ ವಿಭಾಗವನ್ನು ಅವನ ಮಗಳು ಮೇ ಮಾರಿಸ್ ನೋಡಿಕೊಳ್ಳುತ್ತಿದ್ದಳು. ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿದ್ದ ಮಾರಿಸ್‌ನ ಮನೆ ಕೆಲ್ಮ್‌ಸ್ಕಾಟ್ ಹೌಸ್‌ನಲ್ಲಿ ಲಿಲಿ ಮೇ ಕೈಕೆಳಗೆ ಸೇರಿದಳು. ಯಂತ್ರದ ಸಾಮಾನು ಬೇಡ, ಕೈಯಿಂದ ಮಾಡಿದ್ದು ಬೇಕು ಅನ್ನುವ ಚಳವಳಿಯ ನಡುಮನೆಯೇ ಅದು. ಗೋಡೆಗೆ ತೂಗುವ ಬಟ್ಟೆ, ಪರದೆ, ದಿಂಬಿನ ಹೊದಿಕೆ ಎಲ್ಲ ಅಲ್ಲಿ ಕೈಹೊಲಿಗೆಯಲ್ಲಿ ಆಗುತ್ತಿದ್ದವು.

ವಿಲಿಯಂ ಮಾರಿಸ್ ಮಲಗುತ್ತಿದ್ದ ಹಳೇ ಕಾಲದ ಮಂಚಕ್ಕೆ ಮೇ ಒಂದು ಕಸೂತಿಯ ಝಾಲರು ವಿನ್ಯಾಸ ಮಾಡಿದಳು. ಸುತ್ತ ಮಾರಿಸ್‌ನ ಕವಿತೆಯ ಅಕ್ಷರಗಳು. ಅದನ್ನು ಹೊಲಿದ ಕೈಗಳಲ್ಲಿ ಲಿಲಿಯದೂ ಒಂದು. ಅದು ಮಾರಿಸ್‌ನ ಹಳ್ಳಿಮನೆ ಕೆಲ್ಮ್‌ಸ್ಕಾಟ್ ಮ್ಯಾನರ್‌ನಲ್ಲಿ ಇಂದಿಗೂ ಇದೆ.

ಕೆಲಸ ಇಷ್ಟ, ಯಜಮಾನಿ ಕಷ್ಟ. ಮೇ ಮಾರಿಸ್‌ಗೆ ಲಿಲಿ ಇಟ್ಟಿದ್ದ ಅಡ್ಡಹೆಸರು ಗೋರ್ಗನ್. ಗ್ರೀಕ್ ಕತೆಯಲ್ಲಿ ಬರುವ, ಕೂದಲ ಬದಲು ಹಾವುಗಳಿರುವ ರಾಕ್ಷಸಿ ಅದು. ಆರು ವರ್ಷ ತಡೆದುಕೊಂಡು 1894ರಲ್ಲಿ ಲಿಲಿ ಬಿಟ್ಟಳು. ಆಮೇಲೆ ಫ್ರಾನ್ಸಿನಲ್ಲಿ ಮಕ್ಕಳಿಗೆ ಪಾಠ ಹೇಳಲು ಹೋಗಿ ಟೈಫಾಯ್ಡ್ ಹಿಡಿಸಿಕೊಂಡು ಬಂದಳು. ಅವಳ ಆರೋಗ್ಯ ಕೊನೆವರೆಗೂ ಅಷ್ಟಕ್ಕಷ್ಟೇ.

ಚಿತ್ರ ಬರೆದ 1901ರಲ್ಲಿ ಮನೆಯ ಪರಿಸ್ಥಿತಿ ಹೇಗಿತ್ತು?

ಒಂದು ಕಾಲ ಮುಗಿದಿತ್ತು, ಇನ್ನೊಂದು ಶುರುವಾಗಿರಲಿಲ್ಲ. 1900ರ ಜನವರಿಯಲ್ಲಿ ತಾಯಿ ತೀರಿಕೊಂಡಳು. ಅಪ್ಪನಿಗೆ ಅರವತ್ತೆರಡು, ಚಿತ್ರಕಾರ ಅಂತ ಹೆಸರು ಇನ್ನೂ ಗಟ್ಟಿಯಾಗಿಲ್ಲ. ಲಿಲಿಗೆ ಮೂವತ್ತೈದರ ಆಸುಪಾಸು. ಮಾರಿಸ್ ಕೆಲಸ ಬಿಟ್ಟು ಏಳು ವರ್ಷ ಆಗಿತ್ತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅಪ್ಪನ ಅದೃಷ್ಟ ಸ್ವಲ್ಪ ತಿರುಗಿತು. ಡಬ್ಲಿನ್‌ನ ಚಿತ್ರಕಾರ್ತಿ ಸಾರಾ ಪರ್ಸರ್ ಒಂದು ಪ್ರದರ್ಶನ ಏರ್ಪಡಿಸಿದಳು. ಅದರಲ್ಲಿ ಇಬ್ಬರದೇ ಚಿತ್ರಗಳು: ನಥಾನಿಯಲ್ ಹೋನ್ ಮತ್ತು ಜಾನ್ ಬಟ್ಲರ್ ಯೇಟ್ಸ್. ಇವರ ಬೆಲೆ ಜನಕ್ಕೆ ತಿಳಿದಿಲ್ಲ ಅಂತ ಅವಳಿಗೆ ಸಿಟ್ಟು. ಆ ಸಿಟ್ಟು ಕೆಲಸ ಮಾಡಿತು. ಹ್ಯೂ ಲೇನ್ ಅನ್ನುವ ಕಲಾವ್ಯಾಪಾರಿ ಅದನ್ನು ನೋಡಿ, ಐರ್ಲೆಂಡಿನ ಹೆಸರಾಂತ ಜನರ ಭಾವಚಿತ್ರಗಳ ಸಾಲನ್ನೇ ಬರೆದುಕೊಡು ಅಂತ ಮುಂದೆ ಅಪ್ಪನಿಗೆ ಒಪ್ಪಿಸಿದ. ನ್ಯೂಯಾರ್ಕ್‌ನ ವಕೀಲ ಜಾನ್ ಕ್ವಿನ್ ದೂರದಿಂದಲೇ ಗಿರಾಕಿಯಾದ. ಪ್ರದರ್ಶನಕ್ಕೆಂದು ಡಬ್ಲಿನ್‌ಗೆ ಹೋದ ಅಪ್ಪ ಅಲ್ಲೇ ಉಳಿದುಬಿಟ್ಟ. ಹೋದಲ್ಲೇ ಉಳಿದುಬಿಡುವುದು ಅವನ ಹಳೇ ಚಾಳಿ, ಮುಂದೆ ಮತ್ತೆ ಬರುತ್ತದೆ.

ಅಪ್ಪ ಚಿತ್ರ ಬರೆಯುತ್ತಿದ್ದ ರೀತಿ ಹೇಗೆ?

ಮಾತಾಡುತ್ತ. ಮಾತು ಅವನ ನಿಜವಾದ ಪ್ರತಿಭೆ ಅಂತ ಕಂಡವರು ಹೇಳಿದ್ದಾರೆ. ಎದುರು ಕೂತವರ ಜೊತೆ ಗಂಟೆಗಟ್ಟಲೆ ಹರಟೆ, ವಾದ. ಮಾತಾಡುವಾಗ ಮುಖ ಸಡಿಲವಾಗುತ್ತದೆ. ಅವನಿಗೆ ಬೇಕಿದ್ದದ್ದು ಆ ಸಡಿಲವಾದ ಮುಖವೇ.

ಆದರೆ ಮುಗಿಸುವುದು ಅವನ ಕೈಲಿ ಆಗುತ್ತಿರಲಿಲ್ಲ. ಇವತ್ತು ಬರೆದದ್ದು ನಾಳೆ ಸಾಲದು ಅನ್ನಿಸುತ್ತಿತ್ತು. ಕೆರೆದು ಹಾಕಿ ಮತ್ತೆ ಶುರು. ನೋಡುವವರಿಗೆ "ಅಯ್ಯೋ, ಚೆನ್ನಾಗಿತ್ತಲ್ಲ" ಅನ್ನಿಸಿದ ಎಷ್ಟೋ ಚಿತ್ರಗಳನ್ನು ಅವನೇ ಹಾಳು ಮಾಡಿದ. ಕವಿ ಮಗ ಚಿಕ್ಕಂದಿನ ಒಂದು ಪ್ರಸಂಗ ನೆನೆದಿದ್ದಾನೆ. ಅಪ್ಪ ಒಂದು ಕೊಳದ ಚಿತ್ರವನ್ನು ವಸಂತದಲ್ಲಿ ಶುರು ಮಾಡಿದನಂತೆ. ಋತು ಬದಲಾದಂತೆ ಚಿತ್ರವನ್ನೂ ಬದಲಿಸುತ್ತ ಹೋದ. ದಡದ ಮೇಲೆ ಹಿಮ ಬರೆಯುವವರೆಗೂ ಬಂದು, ಆಮೇಲೆ ಮುಗಿಸದೆ ಕೈಬಿಟ್ಟನಂತೆ. ನಗು ಬರುತ್ತದೆ, ಜೊತೆಗೆ ಆ ಮನೆಯ ಅಡುಗೆಮನೆಯ ಯೋಚನೆಯೂ ಬರುತ್ತದೆ.

ಹ್ಯೂ ಲೇನ್ ಕೂಡ ಈ ನಿಧಾನಕ್ಕೆ ಬೇಸತ್ತು, ಉಳಿದ ಭಾವಚಿತ್ರಗಳ ಕೆಲಸವನ್ನು ವಿಲಿಯಂ ಆರ್ಪೆನ್ ಎಂಬ ಚುರುಕಿನ ಹುಡುಗನಿಗೆ ಒಪ್ಪಿಸಿದ. ಹಣ ಕೊಟ್ಟು ಬರೆಸಿಕೊಳ್ಳುವವರ ಮುಂದೆ ಅಪ್ಪನಿಗೆ ಅಳುಕು. ಮೆಚ್ಚಿದವರನ್ನು, ಮನೆಯವರನ್ನು ಬರೆಯುವಾಗ ಮಾತ್ರ ಕೈ ಹಗುರ. ಅವನ ಒಳ್ಳೆಯ ಚಿತ್ರಗಳೆಲ್ಲ ಅಂಥವರದೇ. 1900ರ ಕವಿ ಮಗನ ಚಿತ್ರ, ಗೆಳತಿ ರೋಸಾ ಬಟ್‌ಳ ಚಿತ್ರ, ಮನೆಯಲ್ಲೇ ತಂಗಿದ್ದ ಸೂಸನ್ ಮಿಚೆಲ್‌ಳ ಚಿತ್ರ, 1904ರ ಹಳೇ ಕ್ರಾಂತಿಕಾರಿ ಜಾನ್ ಓಲಿಯರಿಯ ಚಿತ್ರ. ಓಲಿಯರಿಯ ಚಿತ್ರವನ್ನೇ ಅವನ ಅತ್ಯುತ್ತಮ ಅಂತ ಹಲವರು ಎಣಿಸುತ್ತಾರೆ. ಲಿಲಿಯ ಚಿತ್ರವೂ ಇದೇ ಒಳ್ಳೆಯ ವರ್ಷಗಳದ್ದು.

ಎಣ್ಣೆಬಣ್ಣ ಅಂದರೆ ಯಾವ ಎಣ್ಣೆ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಅಗಸೆ ಎಣ್ಣೆ. ಹೌದು, ಉತ್ತರ ಕರ್ನಾಟಕದಲ್ಲಿ ರೊಟ್ಟಿ ಜೊತೆ ತಿನ್ನುವ ಅಗಸಿ ಹಿಂಡಿಯ ಅದೇ ಅಗಸೆ. ಬಣ್ಣದ ಪುಡಿಯನ್ನು ಈ ಎಣ್ಣೆಯಲ್ಲಿ ಅರೆದರೆ ಎಣ್ಣೆಬಣ್ಣ. ನೀರಿನ ಬಣ್ಣ ನೀರು ಆರಿದಾಗ ಒಣಗುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದಕ್ಕೇ ದಿನಗಟ್ಟಲೆ ಹಸಿ ಇರುತ್ತದೆ. ಕೆರೆಯಬಹುದು, ಒರೆಸಬಹುದು, ಮೇಲೆ ಮತ್ತೆ ಬರೆಯಬಹುದು. ಮನಸ್ಸು ಬದಲಾಯಿಸುವ ಮನುಷ್ಯನಿಗೆ ಇದಕ್ಕಿಂತ ಅಪಾಯದ ಸಾಮಾನು ಇನ್ನೊಂದಿಲ್ಲ.

ಅದೇ ಗಿಡದ ಕಾಂಡದ ನಾರಿನಿಂದ ಲಿನನ್ ಬಟ್ಟೆ ಆಗುತ್ತದೆ. ಎಣ್ಣೆಚಿತ್ರಕ್ಕೆ ಹಿಂದಿನಿಂದಲೂ ಒಳ್ಳೆಯ ಕ್ಯಾನ್ವಾಸ್ ಅಂದರೆ ಲಿನನ್. ಅಪ್ಪ ಹುಟ್ಟಿದ ಟುಲ್ಲಿಲಿಷ್, ಬ್ಯಾನ್ ನದಿಯ ದಂಡೆಯ ಲಿನನ್ ನೇಯುವ ಸೀಮೆ. ಲಿಲಿ ಮುಂದೆ ರೇಷ್ಮೆ ದಾರದಿಂದ ಹೊಲಿದದ್ದೂ ಐರಿಷ್ ಲಿನನ್ ಮೇಲೆ. ತಂಗಿ ಲಾಲಿ ಪುಸ್ತಕ ಅಚ್ಚು ಹಾಕಿದ ಕಾಗದ, ಡಬ್ಲಿನ್ ಹತ್ತಿರದ ಸ್ಯಾಗರ್ಟ್ ಗಿರಣಿಯಲ್ಲಿ ಲಿನನ್ ಚಿಂದಿಯಿಂದ ಮಾಡಿದ್ದು. ಅಪ್ಪನ ಬಣ್ಣ, ಮಗಳ ಬಟ್ಟೆ, ಇನ್ನೊಬ್ಬ ಮಗಳ ಕಾಗದ, ಮೂರೂ ಅಗಸೆ ಹೊಲದಿಂದ ಬಂದವು. ಹೂವು ತಿಳಿನೀಲಿ. ನಮ್ಮ ಕಡೆ ಹೊಲದಲ್ಲಿ ನೋಡಿದವರಿಗೆ ಗೊತ್ತು.

ಇದನ್ನು 'ಆಪ್ತ' ಚಿತ್ರ ಅನ್ನುವುದು ಯಾಕೆ?

ದುಡ್ಡು ಕೊಟ್ಟು ಬರೆಸಿದ ಭಾವಚಿತ್ರದಲ್ಲಿ ಕೂತವರು "ನಾನು ಯಾರು ಗೊತ್ತಾ" ಅನ್ನುತ್ತಿರುತ್ತಾರೆ. ಪದಕ, ಪುಸ್ತಕದ ಕಪಾಟು, ರೇಷ್ಮೆ ಪರದೆ. ಅಪ್ಪನ ಈ ಕಾಲದ ಚಿತ್ರಗಳಲ್ಲಿ ಅದು ಯಾವುದೂ ಮುಖ್ಯವಲ್ಲ. ಕಂದು, ಬೂದು, ಕಪ್ಪಿನ ಮಂದ ಬಣ್ಣಗಳು. ಅಂಚುಗಳು ಹಿನ್ನೆಲೆಗೆ ಕರಗುತ್ತವೆ. ಬೆಳಕೆಲ್ಲ ಮುಖಕ್ಕೆ. ವ್ಯಕ್ತಿ ಏನು ಗಳಿಸಿದ್ದಾನೆ ಅನ್ನುವುದಲ್ಲ, ಈಗ ಏನು ಯೋಚಿಸುತ್ತಿದ್ದಾನೆ ಅನ್ನುವುದು ಅವನಿಗೆ ಬೇಕು.

ಮಗಳನ್ನು ಬರೆಯುವಾಗ ಇನ್ನೊಂದು ವಿಷಯ ಸೇರುತ್ತದೆ. ಆ ಮುಖ ಅವನಿಗೆ ಮೂವತ್ತೈದು ವರ್ಷದಿಂದ ಗೊತ್ತು. ಅವಳಿಗೂ ಅವನು ಗೊತ್ತು. ಯಾವ ಸಾಲ ತೀರಿಲ್ಲ, ಯಾವ ಚಿತ್ರ ಮುಗಿದಿಲ್ಲ, ಎಲ್ಲ ಗೊತ್ತು. ಬಹುಶಃ ಅವನ ಜೀವನದಲ್ಲಿ ಅವನನ್ನು ಚೆನ್ನಾಗಿ ಬಲ್ಲ, ಆದರೂ ಪ್ರೀತಿ ಬಿಡದ ವ್ಯಕ್ತಿ ಲಿಲಿಯೇ. ಹೆಂಡತಿಯ ಪಾಲಿಗೆ ಅವನು ನಿರಾಸೆ. ಲಾಲಿಗೂ ಅವನಿಗೂ ಅಷ್ಟು ಹೊಂದಲಿಲ್ಲ. ಹಿರಿಯ ಮಗನ ಜೊತೆ ವಾದ ಜಾಸ್ತಿ. ಲಿಲಿಯ ಜೊತೆ ಮಾತ್ರ ನಗು. ಅಪ್ಪ ಅವಳನ್ನು ನೋಡುತ್ತಿದ್ದಾನೆ ಅಂತ ಎಲ್ಲರೂ ಹೇಳುತ್ತಾರೆ. ಅವಳೂ ಅಪ್ಪನನ್ನು ನೋಡುತ್ತ ಕೂತಿದ್ದಾಳೆ ಅನ್ನುವುದನ್ನು ಮರೆಯುತ್ತಾರೆ.

ನೋಡುವಾಗ ಒಂದು ಕೆಲಸ ಮಾಡಿ. ಮೊದಲು ಕವಿ ಮಗನ 1900ರ ಚಿತ್ರ ನೋಡಿ, ಆಮೇಲೆ ಇದನ್ನು. ಎರಡರ ನಡುವೆ ಒಂದೇ ವರ್ಷ, ಕೈ ಒಂದೇ. ಮಗ ಎದುರು ಕೂತಾಗ ಅಪ್ಪ ಏನು ಹುಡುಕಿದ, ಮಗಳು ಕೂತಾಗ ಏನು ಹುಡುಕಿದ ಅಂತ ನಿಮಗೇ ಅನ್ನಿಸುತ್ತದೆ. ನನ್ನ ತೀರ್ಪು ಮೊದಲೇ ಹೇಳಿ ನಿಮ್ಮ ಕಣ್ಣು ಕೆಡಿಸುವುದಿಲ್ಲ.

ಈ ಚಿತ್ರ ಆದಮೇಲೆ ಲಿಲಿ ಏನು ಮಾಡಿದಳು?

ಅವಳ ನಿಜವಾದ ಕೆಲಸ ಶುರುವಾದದ್ದೇ ಆಗ. 1902ರಲ್ಲಿ ಎವೆಲಿನ್ ಗ್ಲೀಸನ್ ಅನ್ನುವ ಐರಿಷ್ ಮಹಿಳೆ ಡಬ್ಲಿನ್ ಹತ್ತಿರದ ಡಂಡ್ರಮ್‌ನಲ್ಲಿ ಒಂದು ಮನೆ ಹಿಡಿದು ಕರಕುಶಲ ಕೇಂದ್ರ ತೆರೆದಳು. ಹೆಸರು ಡನ್ ಎಮರ್, ಅಂದರೆ ಎಮರಳ ಕೋಟೆ. ಎಮರ್ ಐರಿಷ್ ಪುರಾಣದ ವೀರ ಕುಹುಲಿನ್‌ನ ಹೆಂಡತಿ, ಸೂಜಿ ಕೆಲಸದಲ್ಲಿ ಹೆಸರಾದವಳು. ಗ್ಲೀಸನ್ ನೇಯ್ಗೆ ನೋಡಿಕೊಂಡಳು, ಲಾಲಿ ಮುದ್ರಣ, ಲಿಲಿ ಕಸೂತಿ. ಅಕ್ಕತಂಗಿಯರು ಹತ್ತಿರದ ಚರ್ಚ್‌ಟೌನ್‌ನಲ್ಲಿ ಮನೆ ಮಾಡಿದರು.

ಅಲ್ಲಿ ಕೆಲಸಕ್ಕೆ ಇದ್ದವರೆಲ್ಲ ಹುಡುಗಿಯರು, ಅದೇ ಸುತ್ತಿನ ಊರುಗಳವರು. ಐರಿಷ್ ಕೈಗಳಿಗೆ ಚಂದದ ವಸ್ತು ಮಾಡುವ ಕೆಲಸ ಕೊಡಬೇಕು, ಬಟ್ಟೆ ದಾರ ಕಾಗದ ಎಲ್ಲ ಆದಷ್ಟು ಐರ್ಲೆಂಡಿನದೇ ಆಗಿರಬೇಕು ಅನ್ನುವುದು ಗುರಿ. ಕೆಲಸದ ಜೊತೆ ಚಿತ್ರ, ಐರಿಷ್ ಭಾಷೆ ಪಾಠವೂ ಇತ್ತು. ಲಿಲಿ ಮೇ ಮಾರಿಸ್ ಹತ್ತಿರ ಕಲಿತದ್ದನ್ನು ಈ ಹುಡುಗಿಯರಿಗೆ ಕಲಿಸಿದಳು. ಗೋರ್ಗನ್ ಕಲಿಸಿದ ವಿದ್ಯೆ ಹೀಗೆ ಸಮುದ್ರ ದಾಟಿತು.

ಮೊದಲ ದೊಡ್ಡ ಕೆಲಸ ಗಾಲ್ವೇ ಕೌಂಟಿಯ ಲಾಕ್‌ರೇ ಊರಿನ ಸೇಂಟ್ ಬ್ರೆಂಡನ್ ಕೆಥೆಡ್ರಲ್‌ನದು. ಸಂತರ ಚಿತ್ರ ಇರುವ ಇಪ್ಪತ್ತಕ್ಕೂ ಜಾಸ್ತಿ ಮೆರವಣಿಗೆ ಧ್ವಜಗಳು. ವಿನ್ಯಾಸ ಬಹುಪಾಲು ತಮ್ಮ ಜಾಕ್ ಮತ್ತು ಅವನ ಹೆಂಡತಿಯದು, ಸೂಜಿ ಲಿಲಿ ಮತ್ತು ಅವಳ ಹುಡುಗಿಯರದು. ಲಿನನ್ ಬಟ್ಟೆಯ ಮೇಲೆ ಉಣ್ಣೆ, ರೇಷ್ಮೆ ದಾರ. ದಪ್ಪ ಗೆರೆ, ಗಟ್ಟಿ ಬಣ್ಣ. ಈ ಸಂತರು ದೂರದ ಸ್ವರ್ಗದವರ ಥರ ಕಾಣುವುದಿಲ್ಲ, ಪಕ್ಕದ ಹೊಲದಲ್ಲಿ ಕೆಲಸ ಮಾಡಿ ಬಂದವರ ಥರ ಇದ್ದಾರೆ.

ಗ್ಲೀಸನ್ ಜೊತೆ ಹಣದ ವಿಷಯದಲ್ಲಿ, ಸ್ವಭಾವದಲ್ಲಿ ಹೊಂದಲಿಲ್ಲ. 1908ರಲ್ಲಿ ಅಕ್ಕತಂಗಿಯರು ಬೇರೆಯಾಗಿ ಕೂಅಲ ಅನ್ನುವ ಹೆಸರಲ್ಲಿ ತಮ್ಮದೇ ಕೇಂದ್ರ ನಡೆಸಿದರು. ಅದು ಆ ಸೀಮೆಯ ಹಳೇ ಹೆಸರು. ಲಿಲಿಯ ಕಸೂತಿ ವಿಭಾಗ 1931ರವರೆಗೆ ನಡೆಯಿತು. ಲಾಭ ಅನ್ನುವುದು ಹೆಚ್ಚೇನೂ ಇರಲಿಲ್ಲ, ಕವಿ ಅಣ್ಣ ಆಗಾಗ ಕೈಯಿಂದ ಹಾಕುತ್ತಿದ್ದ. ಲಿಲಿ 1949ರಲ್ಲಿ ತೀರಿಕೊಂಡಳು.

ಅವಳ ಕಸೂತಿ ನಮ್ಮ ಧಾರವಾಡದ ಕಸೂತಿಯ ಥರವಾ?

ಅಲ್ಲ. ನಮ್ಮದು ಎಳೆ ಎಣಿಸಿ ಹಾಕುವಂಥದ್ದು. ಗವಂತಿ, ಮುರ್ಗಿ, ಗಂಟಿಲ್ಲದ ಹೊಲಿಗೆ, ಗೋಪುರ ತೇರಿನ ಲೆಕ್ಕ. ಲಿಲಿಯದು ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದು, ಅದನ್ನು ದಾರದಿಂದ ತುಂಬುವ ರೀತಿ, ಕುಂಚದ ಬದಲು ಸೂಜಿ ಇದ್ದ ಹಾಗೆ. ನಡುವೆ ಯಾವ ನಂಟೂ ಇಲ್ಲ. ಕನ್ನಡದಲ್ಲಿ ಎರಡಕ್ಕೂ ಕಸೂತಿ ಅನ್ನುವುದರಿಂದ ಈ ಪ್ರಶ್ನೆ ಬರುತ್ತದೆ ಅಷ್ಟೆ.

ಅಕ್ಕತಂಗಿಯರು ಅನ್ಯೋನ್ಯವಾಗಿದ್ದರಾ?

ಇಲ್ಲ. ಜೀವನವೆಲ್ಲ ಒಂದೇ ಮನೆ, ಒಂದೇ ಕೆಲಸದ ಜಾಗ, ಆದರೂ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಲಾಲಿ ಚುರುಕು, ಸಿಡುಕು. ಲಿಲಿ ನಿಧಾನ, ಹಾಸ್ಯ. ಮದುವೆ ಇಬ್ಬರಿಗೂ ಆಗಲಿಲ್ಲ, ಬೇರೆ ಹೋಗಲು ಹಣವೂ ಇರಲಿಲ್ಲ.

ಅಪ್ಪನೂ ಮಗಳೂ ಆಮೇಲೆ ದೂರವಾದರಂತೆ?

ಮೈಲಿಗಳ ಲೆಕ್ಕದಲ್ಲಿ ಮಾತ್ರ. 1907ರಲ್ಲಿ ಡಬ್ಲಿನ್ ಗೆಳೆಯರು, ಪಾಪ ಮುದುಕ ಒಮ್ಮೆ ಇಟಲಿ ನೋಡಲಿ ಅಂತ ಚಂದಾ ಎತ್ತಿದರು. ಅದೇ ಹೊತ್ತಿಗೆ ಲಿಲಿ ತನ್ನ ಕಸೂತಿಯನ್ನು ನ್ಯೂಯಾರ್ಕ್‌ನ ಐರಿಷ್ ಪ್ರದರ್ಶನಕ್ಕೆ ಒಯ್ಯುವವಳಿದ್ದಳು. ಅಪ್ಪ ಇಟಲಿ ಹಣ ಹಿಡಿದು ಅವಳ ಜೊತೆ ಅಮೆರಿಕದ ಹಡಗು ಹತ್ತಿದ! ಆಗ ಅವನಿಗೆ ಅರವತ್ತೆಂಟು.

1908ರ ಜೂನ್‌ನಲ್ಲಿ ಲಿಲಿ ಒಬ್ಬಳೇ ವಾಪಸ್ ಬಂದಳು. ಅಪ್ಪ ಬರಲಿಲ್ಲ. ಆಮೇಲೂ ಬರಲಿಲ್ಲ. "ಈ ವರ್ಷ ಬರ್ತೀನಿ, ಮುಂದಿನ ವರ್ಷ ಬರ್ತೀನಿ" ಅಂತ ಹದಿನಾಲ್ಕು ವರ್ಷ ಕಳೆದ. ಇಪ್ಪತ್ತೊಂಬತ್ತನೇ ಬೀದಿಯಲ್ಲಿ ಪೆಟಿಪಾ ಅಕ್ಕತಂಗಿಯರು ನಡೆಸುತ್ತಿದ್ದ ಊಟದ ಮನೆಯಲ್ಲಿ ರೂಮು, ಸಂಜೆ ಅಲ್ಲಿನ ಮೇಜಿನ ಸುತ್ತ ಹರಟೆ. ಅಮೆರಿಕದ ಚಿತ್ರಕಾರ ಜಾನ್ ಸ್ಲೋನ್ 1910ರಲ್ಲಿ ಆ ಮೇಜನ್ನೇ ಚಿತ್ರ ಮಾಡಿದ್ದಾನೆ. ಅದರಲ್ಲಿ ಬಿಳಿ ಗಡ್ಡದ ಅಪ್ಪ ಇದ್ದಾನೆ.

ಆ ಹದಿನಾಲ್ಕು ವರ್ಷವೂ ಅಪ್ಪ ಮಗಳ ನಡುವೆ ಕಾಗದ ನಿಲ್ಲಲಿಲ್ಲ. ಮನೆ ಸುದ್ದಿ, ಡಬ್ಲಿನ್ ಗಾಳಿಮಾತು, ಯಾರು ಏನಂದರು ಎಲ್ಲ. ಲಿಲಿ ಬೇರೆ ಟಿಪ್ಪಣಿಗಳನ್ನೂ ಬರೆದಿಟ್ಟಳು. ಯೇಟ್ಸ್ ಮನೆತನದ ಬಗ್ಗೆ ಇವತ್ತು ನಮಗೆ ಗೊತ್ತಿರುವ ಸಣ್ಣಪುಟ್ಟ ಸಂಗತಿಗಳಲ್ಲಿ ಎಷ್ಟೋ ಅವಳ ಕೈಬರಹದಿಂದ ಬಂದವು. ಕನ್ನಡದಲ್ಲಿ ಚಿತ್ರಕ್ಕೂ ಕಾಗದಕ್ಕೂ ಒಂದೇ ಮಾತು, ಬರೆಯುವುದು. ಅಪ್ಪ ಮಗಳನ್ನು ಬರೆದ, ಮಗಳು ಹದಿನಾಲ್ಕು ವರ್ಷ ಅಪ್ಪನಿಗೆ ಬರೆದಳು.

ಅಪ್ಪ ತನ್ನ ಚಿತ್ರವನ್ನೂ ಬರೆದುಕೊಂಡನಾ?

ಜಾನ್ ಕ್ವಿನ್ 1911ರಲ್ಲಿ ಕೇಳಿದ. ಅಪ್ಪ ಒಪ್ಪಿದ, ಶುರು ಮಾಡಿದ, ಕೆರೆದ, ಮತ್ತೆ ಬರೆದ. ಹನ್ನೊಂದು ವರ್ಷ. 1922ರ ಫೆಬ್ರುವರಿ 3ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡಾಗಲೂ ಅದು ಮುಗಿದಿರಲಿಲ್ಲ. ಮಗಳ ಚಿತ್ರವನ್ನು ಆ ಕೆರೆಯುವ ಕೈಯಿಂದ ಹೇಗೋ ಬಿಡಿಸಿಕೊಂಡಿದ್ದೇ ನಮ್ಮ ಪುಣ್ಯ ಅಂತ ನನಗೆ ಅನ್ನಿಸುವುದು ಇದಕ್ಕೇ.

ಈ ಕುಟುಂಬಕ್ಕೂ ಭಾರತಕ್ಕೂ, ಕನ್ನಡಕ್ಕೂ ನಂಟು ಇದೆಯಾ?

ಭಾರತಕ್ಕೆ ನೇರ ನಂಟೇ ಇದೆ. ರವೀಂದ್ರನಾಥ ಠಾಕೂರರ 'ಡಾಕ್‌ಘರ್' ನಾಟಕದ ಇಂಗ್ಲಿಷ್ ಅನುವಾದ 1914ರಲ್ಲಿ ಪುಸ್ತಕವಾಗಿ ಬಂದದ್ದು ಲಾಲಿಯ ಕೂಅಲ ಮುದ್ರಣಾಲಯದಿಂದ. ಕೈಯಿಂದ ಒತ್ತುವ ಯಂತ್ರ, ಹೆಣ್ಣುಮಕ್ಕಳು ಜೋಡಿಸಿದ ಅಚ್ಚುಮೊಳೆ.

ಕನ್ನಡದ್ದು ಸುತ್ತುದಾರಿಯ ನಂಟು. ಯೇಟ್ಸ್ ಬಳಗ ಡಬ್ಲಿನ್‌ನಲ್ಲಿ ನಾಟಕ, ಕವಿತೆ, ಕರಕುಶಲ ಅಂತ ಓಡಾಡುತ್ತಿದ್ದ ಆ 1902ರ ಹೊತ್ತಿಗೆ, ಅದೇ ವಲಯದಲ್ಲಿ ಜೇಮ್ಸ್ ಕಸಿನ್ಸ್ ಅನ್ನುವ ಯುವಕನೂ ಇದ್ದ. ಅವನ ನಾಟಕಗಳೂ ಅಲ್ಲಿ ಆಡಲ್ಪಟ್ಟವು, ಕವಿ ಯೇಟ್ಸ್‌ಗೆ ಅವು ಹಿಡಿಸಲಿಲ್ಲ. ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದುಬಿಟ್ಟರು. 1924ರಲ್ಲಿ ಮೈಸೂರಿನಲ್ಲಿ ಅವರನ್ನು ಭೇಟಿಯಾಗಿ ತನ್ನ ಇಂಗ್ಲಿಷ್ ಪದ್ಯಗಳನ್ನು ತೋರಿಸಿದ ಹುಡುಗ ಯಾರು ಅಂತ ಹೇಳಬೇಕಾ? ಕುವೆಂಪು. ನಿನ್ನ ಭಾಷೆಯಲ್ಲಿ ಬರೆ ಅಂದವರು ಇದೇ ಕಸಿನ್ಸ್. ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಳ್ಳುವಾಗಲೂ ಅವರ ಕೈ ಇತ್ತು. ತನ್ನ ನಾಡು, ತನ್ನ ಮಾತು, ತನ್ನ ದಾರ ಅನ್ನುವ ಹಟ ಡಬ್ಲಿನ್‌ನಲ್ಲಿ ಲಿಲಿಯಂಥವರ ಸುತ್ತ ಬೆಳೆದದ್ದು. ಅದೇ ಗಾಳಿ ಕುಡಿದು ಬಂದವರು ಮೈಸೂರಿನಲ್ಲಿ ಆ ಮಾತು ಹೇಳಿದ್ದು ನನಗಂತೂ ಆಶ್ಚರ್ಯ ಅನ್ನಿಸುವುದಿಲ್ಲ.

ಇದು ಜಾಕ್ ಯೇಟ್ಸ್ ಚಿತ್ರ ಅಂತ ಒಬ್ಬರು ಹಾಕಿದ್ದರು. ಸರಿನಾ?

ತಪ್ಪು. ಹೆಸರು ಹತ್ತಿರ ಇರುವುದರಿಂದ ಹೀಗಾಗುತ್ತದೆ. ಜಾಕ್‌ನ ಎಣ್ಣೆಚಿತ್ರಗಳಲ್ಲಿ, ಅದರಲ್ಲೂ ಕೊನೆಯ ವರ್ಷಗಳವುಗಳಲ್ಲಿ, ಬಣ್ಣ ಬೆಣ್ಣೆ ಬಳಿದ ಹಾಗೆ ದಪ್ಪ, ಕುದುರೆ, ಸರ್ಕಸ್ಸು, ಗಾಳಿ. ಅಪ್ಪನದು ಕೂತ ಮನುಷ್ಯರ ಮಂದ ಬೆಳಕು. ಒಮ್ಮೆ ಎರಡನ್ನೂ ನೋಡಿದರೆ ಮತ್ತೆ ತಪ್ಪುವುದಿಲ್ಲ.

ಡಬ್ಲಿನ್‌ಗೆ ಹೋದರೆ ನೋಡಬಹುದಾ? ಟಿಕೆಟ್ ಎಷ್ಟು?

ಗ್ಯಾಲರಿ ಮೆರಿಯನ್ ಸ್ಕ್ವೇರ್‌ನಲ್ಲಿದೆ. ಕಾಯಂ ಸಂಗ್ರಹಕ್ಕೆ ಟಿಕೆಟ್ ಇಲ್ಲ, ಪುಕ್ಕಟೆ. ಆದರೆ ಎಲ್ಲ ಚಿತ್ರಗಳೂ ಯಾವಾಗಲೂ ಗೋಡೆಯ ಮೇಲೆ ಇರುವುದಿಲ್ಲ. ಇದಕ್ಕೆಂದೇ ಹೋಗುವುದಾದರೆ ಮೊದಲು ಕೇಳಿಕೊಂಡು ಹೋಗಿ. ಅದೇ ಮೆರಿಯನ್ ಸ್ಕ್ವೇರ್‌ನ 82ನೇ ಮನೆ ಕವಿ ಯೇಟ್ಸ್‌ನದು. 1923ರಿಂದ ಸ್ವಲ್ಪ ಕಾಲ ಕೂಅಲ ಕೇಂದ್ರ ಆ ಮನೆಯಲ್ಲೇ ನಡೆದಿತ್ತು. ಚಿತ್ರ ನೋಡಿ ಹೊರಗೆ ಬಂದರೆ ನಡೆದುಕೊಂಡೇ ಹೋಗಬಹುದು.

ಲಿಲಿಯ ಕೈಕೆಲಸ ಎಲ್ಲಿ ನೋಡಬಹುದು?

ಒಂದು ಜಾಗ ಹೇಳಿ ಅಂದರೆ ಲಾಕ್‌ರೇ. ಡಬ್ಲಿನ್‌ನಿಂದ ಪಶ್ಚಿಮಕ್ಕೆ, ಗಾಲ್ವೇ ದಾರಿಯಲ್ಲಿ, ಕೆರೆ ದಂಡೆಯ ಸಣ್ಣ ಊರು. ಕೆಥೆಡ್ರಲ್ ಪಕ್ಕದ ಸಣ್ಣ ಮ್ಯೂಸಿಯಂನಲ್ಲಿ ಆ ಧ್ವಜಗಳನ್ನು ಜೋಪಾನ ಮಾಡಿದ್ದಾರೆ. ಹತ್ತಿರ ಹೋಗಿ ನೋಡಿ. ಸಂತರ ಮುಖಕ್ಕಿಂತ ಅವರ ಬಟ್ಟೆಯ ಮಡಿಕೆಗಳನ್ನು ನೋಡಿ, ದಾರ ಯಾವ ದಿಕ್ಕಿಗೆ ಓಡಿದೆ ಅಂತ. ಅಲ್ಲಿ ಕೆರೆದು ತಿದ್ದಿದ ಗುರುತು ಸಿಗುವುದಿಲ್ಲ. ಎಲ್ಲವೂ ಮುಗಿದಿವೆ, ಹೇಳಿದ ಗಿರಾಕಿಗೆ ತಲುಪಿವೆ.